ವಿಮಾನದ ಹೊಟ್ಟೆಯಲ್ಲಿ ನನ್ನ ಬಂದೂಕು

ಯಲಹಂಕದಲ್ಲಿದ್ದ ಏಳು ವರ್ಷಗಳಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಹಾಲು ಹಾಕುವವನಿಂದ ಹಿಡಿದು ಬಾಡಿಗೆ ಮನೆಯ ಒಡತಿಯವರೆಗೆ ಎಲ್ಲರಿಗೂ ನಾನು 'ಬಂದೂಕಿನೋರು'. ನನ್ನ ಹೆಂಡತಿ 'ಬಂದೂಕಿನೋರ ಮನೆಯೋರು'. ಮೊದಮೊದಲು ಅದನ್ನು ಕೇಳಿದರೆ ಎದೆ ಸ್ವಲ್ಪ ಮುಂದಕ್ಕೆ ಬರುತ್ತಿತ್ತು. ಆಮೇಲೆ ಆಮೇಲೆ ಅದರಲ್ಲಿ ಭಯವೂ ಹೇಸಿಗೆಯೂ ಕೂಡಿದ್ದು ನನಗೆ ಗೊತ್ತಾಯಿತು.

ನಾನು ಬಿಜಾಪುರದ ಕಡೆಯವನು. ಹದಿನೈದು ವರ್ಷ ಸೈನ್ಯದಲ್ಲಿದ್ದು ಹೊರಬಂದಾಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಜೊತೆಗಿದ್ದ ಒಬ್ಬ ಜವಾನ, ಸ್ವಂತ ಲೈಸೆನ್ಸಿನ ಬಂದೂಕು ಇರುವ ಮಾಜಿ ಸೈನಿಕರನ್ನು ಬೆಂಗಳೂರಿನಲ್ಲಿ ಕೈಹಿಡಿದು ಕರೆಯುತ್ತಾರೆ ಎಂದ. ಸೈನ್ಯದಿಂದ ಬಂದ ಹಣದಲ್ಲಿ ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕು ಕೊಂಡೆ, ಲೈಸೆನ್ಸ್ ಮಾಡಿಸಿದೆ, ಹೆಂಡತಿಯನ್ನು ಕಟ್ಟಿಕೊಂಡು ಬಂದೆ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಕರೆಯುತ್ತಿದ್ದದ್ದು ಬಂದೂಕನ್ನು. ಅದನ್ನು ಹೊರುವುದಕ್ಕೆ ಒಂದು ಹೆಗಲು ಬೇಕು, ಅಷ್ಟಕ್ಕೆ ನಾವು.

ನನ್ನನ್ನು ಇಟ್ಟುಕೊಂಡವನು ಕೋಗಿಲಿನ ಕಡೆಯ ಜಮೀನಿನ ಯಜಮಾನ. ದ್ರಾಕ್ಷಿ ತೋಟ ಕಿತ್ತು ಸೈಟು ಮಾಡುತ್ತಿದ್ದ. ನಮ್ಮ ಕಡೆಯ ರೂಢಿಯಂತೆ ನಾನು ಅವನನ್ನು 'ಧಣ್ಯಾರ' ಎನ್ನುತ್ತಿದ್ದೆ, ಬಹುವಚನ ಬಿಟ್ಟು ಮಾತಾಡಿದವನಲ್ಲ. ಇಲ್ಲಿ ಮಾತ್ರ 'ಅವನು' ಎಂದೇ ಬರೆಯುತ್ತೇನೆ. ಏಳು ವರ್ಷ ಕೊಟ್ಟ ಮರ್ಯಾದೆ ಸಾಕು.

ಕಳ್ಳರಿಂದ ಅವನನ್ನು ಕಾಯುವುದು ನನ್ನ ಕೆಲಸವೆಂದು ತಿಳಿದಿದ್ದೆ. ಮೊದಲ ವರ್ಷದಲ್ಲೇ ಬೇರೆ ಗೊತ್ತಾಯಿತು. ಒಬ್ಬ ಮುದುಕಿಯ ರಾಗಿ ಹೊಲಕ್ಕೆ ಅವನು ಕಲ್ಲುಕಂಬ ನೆಡಿಸಿ ತಂತಿ ಎಳೆಸಿದ. ನಾನು ಮಾಡಿದ್ದು ಇಷ್ಟೇ: ಬಂದೂಕು ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ನಿಂತೆ. ಬೆಳಗಿನಿಂದ ಸಂಜೆಯವರೆಗೆ ನಿಂತೆ. ಮುದುಕಿ ನನ್ನ ಹತ್ತಿರ ಬಂದು, ಬಂದೂಕು ನೋಡಿ, ನನ್ನ ಮುಖ ನೋಡಿ, "ನಿಂಗೂ ಒಬ್ಳು ತಾಯಿ ಅವಳಾ?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಕಾವಲಿಗೆ ನಿಂತವನು ಮಾತಾಡಬಾರದು ಎಂದು ಸೈನ್ಯದಲ್ಲಿ ಕಲಿಸಿದ್ದರು. ಆ ದಿನ ಆ ಪಾಠ ನನಗೆ ಅನುಕೂಲವಾಗಿತ್ತು. ಮನೆಗೆ ಬಂದು ಹೇಳಿದಾಗ ಹೆಂಡತಿ ಎರಡು ದಿನ ನನಗೆ ಬಡಿಸಲಿಲ್ಲ. ತಟ್ಟೆ ನೆಲಕ್ಕಿಟ್ಟು ಒಳಗೆ ಹೋಗುತ್ತಿದ್ದಳು.

ಹೀಗೆ ನಿಲ್ಲುತ್ತ ನಿಲ್ಲುತ್ತ ಎಂಬತ್ತರ ದಶಕದ ನಡುವಿಗೆ ಬಂದೆವು. ಅಷ್ಟರಲ್ಲಿ ಅವನಿಗೆ ಮುಂಬಯಿಯ ಒಬ್ಬ ಸೇಟಿನ ಸ್ನೇಹವಾಗಿತ್ತು. ಆ ಸೇಟು ಸೈಟು ನೋಡಲು ಬಂದಾಗ ಅವನ ಹಿಂದೆ ಸಫಾರಿ ಸೂಟಿನ ಒಬ್ಬ ಕಾವಲಿನವನಿದ್ದ. ಅದನ್ನು ನೋಡಿದಾಗಿನಿಂದ ನಮ್ಮವನಿಗೆ ನಿದ್ದೆ ಬರಲಿಲ್ಲ. ಸೇಟಿನ ಮಗಳ ಮದುವೆಗೆ ಕರೆಯೋಲೆ ಬಂದದ್ದೇ ನನ್ನನ್ನು ಕರೆದು, "ನೀನೂ ಬರ್ಬೇಕು ಕಣ್ಲಾ, ಬಂದೂಕ ತಕ್ಕಂಡು. ಇಮಾನದಾಗೆ," ಎಂದ.

"ಧಣ್ಯಾರ, ನನ್ನ ಲೈಸೆನ್ಸ್ ಕರ್ನಾಟಕಕ್ಕ ಅಷ್ಟ ಐತ್ರಿ. ಹೊರಗ ಒಯ್ಯಬೇಕಂದ್ರ ಬ್ಯಾರೆ ಪರ್ಮಿಶನ್ ಬೇಕಾಗ್ತದ," ಎಂದೆ.

"ಕೊಡಿಲ್ಲಿ ಆ ಪುಸ್ತ್ಕಾನ. ಕಚೇರಿಯಾಗೆ ನಮ್ಮೋನೊಬ್ಬ ಅವ್ನೆ. ಒಂದೊಪ್ಪತ್ತಿನ ಕೆಲ್ಸ."

ಕೊಟ್ಟೆ. ಎರಡು ವಾರ ಅದು ಅವನ ಹತ್ತಿರವೇ ಇತ್ತು. ನಾನು ಮೂರು ಸಲ ಕೇಳಿದೆ. ಮೂರನೆಯ ಸಲ ರೇಗಿದ. "ಆಗದೆ ಅಂದ್ನಲ್ಲಾ! ನಿಮ್ ಬಿಜಾಪುರದೋರ್ದೆಲ್ಲಾ ಇಷ್ಟೇಯ, ಒಂದ್ ಮಾತು ನಂಬಾಕಿಲ್ಲ." ಹೊರಡುವ ದಿನ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಬ್ಬರ್ ಹಾಕಿದ ಪುಸ್ತಕವನ್ನು ಕಾರಿನ ಕಿಟಕಿಯಿಂದ ನನ್ನ ಕೈಗೆ ಕೊಟ್ಟ. ನಾನು ಅದನ್ನು ಬಿಚ್ಚಿ ನೋಡಲಿಲ್ಲ. ಇಷ್ಟು ವರ್ಷ ಅವನನ್ನು ಬೈಯುತ್ತ ಬಂದಿದ್ದೇನೆ, ಮುಂದೆಯೂ ಬೈಯುತ್ತೇನೆ. ಆದರೆ ಆ ರಬ್ಬರ್ ಬಿಚ್ಚದೆ ಇದ್ದದ್ದು ನಾನು.

ಆಗ ವಿಮಾನ ನಿಲ್ದಾಣ ಊರಿನ ಆ ಮೂಲೆಗಿತ್ತು. ಹೆಬ್ಬಾಳ ದಾಟಿ, ಇಡೀ ಊರು ದಾಟಿ ಅವನ ಅಂಬಾಸಿಡರ್ ಕಾರಿನಲ್ಲಿ ಹೋದೆವು. ಅವನು ಬಿಳಿ ಪಂಚೆ, ರೇಷ್ಮೆ ಶರಟು, ಸೆಂಟು. ನನಗೆ ಹೊಸ ಖಾಕಿ ಹೊಲಿಸಿದ್ದ. ಸೇಟಿನ ಕಾವಲಿನವನಿಗಿಂತ ನಾನು ಕಡಿಮೆ ಕಾಣಬಾರದಲ್ಲ. ಬಂದೂಕನ್ನು ನಾನು ಮನೆಯಲ್ಲೇ ಮೂರು ಭಾಗ ಮಾಡಿ ತಗಡಿನ ಉದ್ದ ಪೆಟ್ಟಿಗೆಯಲ್ಲಿಟ್ಟಿದ್ದೆ. ತೋಟಾಗಳು ಬೇರೆ ಡಬ್ಬಿಯಲ್ಲಿ. ಅದನ್ನು ನೋಡಿ ಅವನಿಗೆ ಸಮಾಧಾನವಾಗಲಿಲ್ಲ. "ಎಗಲ್ಗಾಕ್ಕಂಡು ಬರೋದ್ ಬಿಟ್ಟು ಪೆಟ್ಗೆ ಯಾಕ್ಲಾ?" ಎಂದ.

ಕೌಂಟರಿನ ಹುಡುಗಿಗೆ ನಾನು ಮೊದಲೇ ಹೇಳಿದೆ, ಪೆಟ್ಟಿಗೆಯಲ್ಲಿ ಬಂದೂಕಿದೆ ಎಂದು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಸಾಲಿನಲ್ಲಿ ನಮ್ಮ ಹಿಂದಿದ್ದವರೂ ಸರಿದರು. ಒಬ್ಬ ಹೆಂಗಸು ತನ್ನ ಮಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ವಿಮಾನ ಅಪಹರಣದ ಸುದ್ದಿಗಳು ಪೇಪರಿನಲ್ಲಿ ಆಗಾಗ ಬರುತ್ತಿದ್ದ ಕಾಲ. ಒಬ್ಬ ಅಧಿಕಾರಿ ಬಂದ, ಇಬ್ಬರು ಪೊಲೀಸರು ಬಂದರು. ಎಲ್ಲರೆದುರು ಪೆಟ್ಟಿಗೆ ಬಿಚ್ಚಿಸಿದರು. ನಳಿಗೆಯನ್ನು ದೀಪದ ಕಡೆ ಹಿಡಿದು ಒಳಗೆ ಕಣ್ಣಿಟ್ಟು ನೋಡಿದರು. ತೋಟಾಗಳನ್ನು ಒಂದೊಂದಾಗಿ ಎಣಿಸಿದರು. ಒಬ್ಬ ಪೊಲೀಸ್ ಲೈಸೆನ್ಸಿನ ರಬ್ಬರ್ ಬಿಚ್ಚಿದ, ಬಂದೂಕಿನ ನಂಬರು ನೋಡಿದ, ತಾರೀಖು ಮುಗಿದಿಲ್ಲ ಎಂದು ನೋಡಿದ, ಮುಚ್ಚಿದ. ಉಳಿದ ಪುಟ ತಿರುವಲಿಲ್ಲ. ನಾನು ಸದ್ಯ ಎಂದು ಉಸಿರು ಬಿಟ್ಟೆ.

"ಇದು ಲಗೇಜ್ ಜೊತೆ ಕೆಳಗೆ ಹೋಗುತ್ತೆ. ಮುಂಬೈನಲ್ಲಿ ಇಳಿದ ಮೇಲೆ ನಿಮ್ಮ ಕೈಗೆ ಕೊಡ್ತಾರೆ," ಎಂದ ಅಧಿಕಾರಿ.

ಯಜಮಾನ ಮುಂದೆ ಬಂದ. "ಕೆಳಿಕ್ಕಾ? ಇವ್ನು ನನ್ನ್ ಕಾವಲ್ನೋನು ಕಣ್ರೀ. ನನ್ ಪಕ್ಕ ಕೂತ್ಕಂತಾನೆ. ಬಂದೂಕ ಅವ್ನ್ ತಾವ್ ಇರ್ಬೇಕು."

"ಸಾರ್, ವಿಮಾನದ ಒಳಗೆ ಬಂದೂಕು ಬಿಡಲ್ಲ."

"ನಾನ್ಯಾರು ಅಂತ ಗೊತ್ತೇನ್ರೀ ನಿಮ್ಗೆ?"

"ಯಾರಾದ್ರೂ ಅಷ್ಟೇ ಸಾರ್. ಮಂತ್ರಿಗಳ ಗನ್‌ಮ್ಯಾನ್ ಬಂದ್ರೂ ಇದೇ ರೂಲು."

ಹಿಂದಿನಿಂದ ಒಬ್ಬರು ನಕ್ಕರು. ಅವನ ಕಿವಿ ಕೆಂಪಾಯಿತು. ಆ ಸಿಟ್ಟನ್ನು ಅವನು ಅಧಿಕಾರಿಯ ಮೇಲೆ ತೀರಿಸಲಾರದೆ ನನ್ನ ಕಡೆ ತಿರುಗಿದ. "ಬಂದೂಕ ಇಮಾನದ ಒಟ್ಟೆಯಾಗೆ, ನೀನು ಮ್ಯಾಲೆ. ಮತ್ತೆ ನಿಂಗ್ಯಾಕ್ಲಾ ಟಿಕೀಟು? ನನ್ ಪಂಚೆ ಇಡ್ಕಳಾಕಾ?" ಎಂದು ಅಷ್ಟು ಜನರ ಎದುರು ಕೂಗಿದ. ನಾನು ಹೊಸ ಖಾಕಿಯಲ್ಲಿ ಅಟೆನ್ಷನ್ನಿನಲ್ಲಿ ನಿಂತಂತೆ ನಿಂತಿದ್ದೆ.

ಅವರು ಪೆಟ್ಟಿಗೆಗೆ ಅರಗು ಹಾಕಿ ಒಯ್ದರು. ಅದು ಹೋಗುವುದನ್ನು ನೋಡುತ್ತ ನಿಂತೆ. ಏಳು ವರ್ಷ ಅದು ನನ್ನ ಕೈ ಬಿಟ್ಟು ಬೇರೆಯವರ ಕೈಗೆ ಹೋಗಿರಲಿಲ್ಲ.

ವಿಮಾನದಲ್ಲಿ ಅವನು ಕಿಟಕಿಯ ಪಕ್ಕ, ನಾನು ಅವನ ಪಕ್ಕ. ವಿಮಾನ ನೆಲ ಬಿಟ್ಟಾಗ ಅವನು ಎರಡೂ ಕೈಯಿಂದ ನನ್ನ ಮುಂಗೈ ಹಿಡಿದುಕೊಂಡ. ಉಗುರು ಚುಚ್ಚುವಷ್ಟು ಬಿಗಿಯಾಗಿ. ಮೇಲೆ ಹೋಗಿ ಸಮನಾದ ಮೇಲೆ ಕೈ ಬಿಟ್ಟು, ನನ್ನ ಮುಂಗೈ ಹೊಲಸಾಗಿತ್ತೋ ಎಂಬಂತೆ ತನ್ನ ಅಂಗೈ ಪಂಚೆಗೆ ಒರೆಸಿಕೊಂಡ. ಊಟದ ತಟ್ಟೆ ಕೊಟ್ಟಾಗ ನನ್ನ ತಟ್ಟೆಯ ಸಿಹಿಯನ್ನು ಕೇಳದೆಯೇ ತೆಗೆದುಕೊಂಡು ತಿಂದ.

ಮುಂಬಯಿಯಲ್ಲಿ ಎಲ್ಲರ ಲಗೇಜು ಬಂತು, ನನ್ನ ಪೆಟ್ಟಿಗೆ ಬರಲಿಲ್ಲ. ಕೇಳಿದರೆ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಮೇಜಿನ ಮೇಲೆ ಪೆಟ್ಟಿಗೆ ಇತ್ತು. ಮೇಜಿನ ಹಿಂದೆ ಒಬ್ಬ ಇನ್ಸ್‌ಪೆಕ್ಟರು, ಬಾಗಿಲ ಬಳಿ ಬಿಳಿ ಮೀಸೆಯ ಒಬ್ಬ ಹವಾಲ್ದಾರ. ಇನ್ಸ್‌ಪೆಕ್ಟರು ಲೈಸೆನ್ಸ್ ತೆಗೆದುಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿದ. ಮತ್ತೆ ತಿರುವಿದ. ಆಮೇಲೆ ಹಿಂದಿಯಲ್ಲಿ ಕೇಳಿದ, "ಇದು ಕರ್ನಾಟಕದೊಳಗೆ ಮಾತ್ರ. ಇಲ್ಲಿಗೆ ಹೇಗೆ ತಂದೆ?"

ಪರ್ಮಿಶನ್ ಆ ಪುಸ್ತಕದಲ್ಲಿದೆ ಎಂದೆ. ಅವನು ಪುಸ್ತಕವನ್ನು ನನ್ನ ಕಡೆ ತಿರುಗಿಸಿದ. ಏನೂ ಇರಲಿಲ್ಲ. ಹೊಸ ಠಸ್ಸೆ ಇಲ್ಲ, ಹೊಸ ಸಹಿ ಇಲ್ಲ. ಎರಡು ವಾರ ಆ ಪುಸ್ತಕ ಯಜಮಾನನ ಡ್ರಾಯರಿನಲ್ಲೇ ಮಲಗಿತ್ತು.

"ಇದನ್ನು ಮಾಡಿಸುತ್ತೇನೆ ಎಂದವರು ಹೊರಗಿದ್ದಾರೆ. ಅವರ ಕಾವಲಿಗೇ ಬಂದಿದ್ದೇನೆ," ಎಂದೆ. ಇನ್ಸ್‌ಪೆಕ್ಟರು ಅವನನ್ನು ಒಳಗೆ ಕರೆಸಿದ.

ಅವನಿಗೆ ಹಿಂದಿ ಬರುತ್ತಿರಲಿಲ್ಲ. ಇನ್ಸ್‌ಪೆಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಎರಡೂ ಬರುತ್ತಿದ್ದವನು ನಾನೊಬ್ಬನೇ ಎಂದು ಆಗ ಅಂದುಕೊಂಡಿದ್ದೆ.

"ಕೇಳು ಇವರನ್ನ, ನೀನು ಇವರ ಆಳು ಹೌದೋ ಅಲ್ಲವೋ," ಎಂದ ಇನ್ಸ್‌ಪೆಕ್ಟರು ನನಗೆ.

ನಾನು ಯಜಮಾನನಿಗೆ ಹೇಳಿದೆ, "ಧಣ್ಯಾರ, ಲೈಸೆನ್ಸಿನ್ಯಾಗ ಪರ್ಮಿಶನ್ ಆಗಿಲ್ಲರಿ. ಕೇಸ್ ಆಗ್ತದಂತ. ನಾ ನಿಮ್ಮ ಆಳು ಹೌದೋ ಅಲ್ಲೋ ಅಂತ ಕೇಳಾಕತ್ತಾರ."

ಅವನು ಮೇಜಿನ ಮೇಲಿದ್ದ ಪುಸ್ತಕ ನೋಡಿದ. ಇನ್ಸ್‌ಪೆಕ್ಟರಿನ ಭುಜದ ನಕ್ಷತ್ರ ನೋಡಿದ. ನನ್ನ ಮುಖ ನೋಡಲಿಲ್ಲ.

"ನಂಗೂ ಇವ್ನಿಗೂ ಏನೂ ಸಮ್ಮಂದ ಇಲ್ಲ ಅಂತ ಏಳು," ಎಂದ.

"ಏಳ್ಲಾ," ಎಂದ ಮತ್ತೆ.

ನಾನು ಹಿಂದಿಯಲ್ಲಿ ಹೇಳಿದೆ, "ಇವರು ಹೇಳುತ್ತಾರೆ, ಇವರಿಗೂ ನನಗೂ ಏನೂ ಸಂಬಂಧವಿಲ್ಲ."

ಇನ್ಸ್‌ಪೆಕ್ಟರು ನನ್ನನ್ನು ಒಂದು ಸಲ, ಅವನನ್ನು ಒಂದು ಸಲ ನೋಡಿದ. ಅವನ ಕೈಯಲ್ಲಿದ್ದ ಟಿಕೆಟ್ಟಿನ ಕವರು ತೆರೆಸಿ ನೋಡಿದ. "ಹಾಗಾದರೆ ಇಬ್ಬರ ಟಿಕೆಟ್ಟೂ ಒಂದೇ ಕವರಿನಲ್ಲಿ ಯಾಕಿದೆ, ಕೇಳು."

ಕೇಳಿದೆ. ಅವನು ಒಂದು ಕ್ಷಣವೂ ತಡೆಯಲಿಲ್ಲ. "ಯಾರೋ ಬಡವ, ಇಮಾನ ನೋಡ್ಬೇಕು ಅಂತಿದ್ದ, ದಾನ ಅಂತ ತೆಗ್ಸಿಕೊಟ್ಟೆ ಅಂತ ಏಳು. ಪೆಟ್ಗೆಯಾಗೆ ಏನೈತೆ ಅಂತ ನಂಗ್ ಗೊತ್ತಿರ್ಲಿಲ್ಲ ಅಂತ ಏಳು."

ಅದನ್ನೂ ಹೇಳಿದೆ. ದಾನ ಎಂಬ ಮಾತನ್ನೂ ಬಿಡದೆ ಹೇಳಿದೆ. ಸುಳ್ಳು ತರ್ಜುಮೆ ಮಾಡಬಹುದಿತ್ತು. 'ಹೌದು, ನನ್ನ ಆಳು, ತಪ್ಪು ನನ್ನದು ಅನ್ನುತ್ತಿದ್ದಾರೆ' ಎಂದರೆ ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಆ ಯೋಚನೆ ನನಗೆ ಬಂದದ್ದು ಮಾರನೆಯ ದಿನ, ಲಾಕಪ್ಪಿನಲ್ಲಿ ಕೂತಾಗ. ಮಾತು ಮುಗಿಸಿ ನನ್ನದೂ ಒಂದು ಮಾತು ಸೇರಿಸಿದೆ, "ಸಾಹೇಬರೇ, ಇದು ಸುಳ್ಳು. ಆದರೆ ಇವರು ಹೇಳಿದ್ದು ಇದೇ."

ಇನ್ಸ್‌ಪೆಕ್ಟರು ನಕ್ಕುಬಿಟ್ಟ. ನಗುತ್ತಲೇ ಯಜಮಾನನಿಗೆ ಹೋಗು ಎಂದು ಕೈ ಬೀಸಿದ. ಹೊರಗೆ ಸೇಟಿನ ಕಾರು ಕಾಯುತ್ತಿತ್ತು. ಅದೂ ಇನ್ಸ್‌ಪೆಕ್ಟರಿಗೆ ಗೊತ್ತಿದ್ದಿರಬೇಕು. ಯಜಮಾನ ಕವರಿನಿಂದ ನನ್ನ ವಾಪಸ್ ಟಿಕೆಟ್ ತೆಗೆದು ಮೇಜಿನ ಮೇಲೆ ಹಾಕಿದ, ಪಂಚೆ ಸರಿಮಾಡಿಕೊಂಡು ಹೋದ.

ಅವನು ಹೋದ ಮೇಲೆ ಬಾಗಿಲ ಬಳಿಯ ಹವಾಲ್ದಾರ ನನ್ನ ಹತ್ತಿರ ಬಂದು ಮೆಲ್ಲಗೆ ಕನ್ನಡದಲ್ಲಿ ಕೇಳಿದ, "ಯಾವೂರ್ ತಮ್ಮಾ ನೀ?"

ನಾನು ಬೆಚ್ಚಿಬಿದ್ದೆ. ಅವನು ಅಕ್ಕಲಕೋಟೆ ಕಡೆಯವನು. ಅಷ್ಟೂ ಹೊತ್ತು ನಿಂತು ಎಲ್ಲ ಕೇಳಿಸಿಕೊಂಡಿದ್ದ.

"ಅಂವ ಅಂದಿದ್ದನ್ನ ಹಂಗಹಂಗ ಹೇಳಿದೆಲ್ಲೋ ಹುಚ್ಚಾ! ಯಾಕ ಹೇಳಿದಿ?" ಎಂದ.

"ನೀವ್ ಎಲ್ಲಾ ಕೇಳಿದ್ರಿ. ಸಾಹೇಬ್ರಿಗೆ ಹೇಳಬೇಕಿತ್ತು, ಅಂವ ನನ್ನ ಆಳಿನಂಗ ಮಾತಾಡ್ಸಿದ ಅಂತ. ಯಾಕ ಸುಮ್ನಿದ್ರಿ?" ಎಂದೆ. ನನ್ನ ದನಿ ಏರಿತ್ತು.

"ನನ್ನ ಕೇಳಿಲ್ಲಲ್ಲೋ," ಎಂದ. "ಕೇಳದ ಬಾಯಿ ಬಿಟ್ರ ನಮ್ಮ ನೌಕರಿ ಉಳಿಯೂದಿಲ್ಲ."

ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ. ಮುದುಕಿಯ ಬದುವಿನ ಮೇಲೆ ಬಾಯಿ ಬಿಡದೆ ನಿಂತಿದ್ದ ನನಗೆ ಆ ಮಾತಿಗೆ ಎದುರು ಹೇಳುವ ಯೋಗ್ಯತೆ ಇರಲಿಲ್ಲ ಎಂದು ಆಗಲೇ ಮನಸ್ಸಿನ ಮೂಲೆಯಲ್ಲಿ ಎಲ್ಲೋ ಹೊಳೆದಿತ್ತು. ಆದರೂ ಸಿಟ್ಟು ಇಳಿಯಲಿಲ್ಲ.

ಎರಡು ದಿನ ಲಾಕಪ್ಪಿನಲ್ಲಿದ್ದೆ. ಹೊಸ ಖಾಕಿಯ ಬೆಲ್ಟು ಬಿಚ್ಚಿಸಿದರು. ಜೊತೆಗಿದ್ದವರು ನನ್ನನ್ನು ಪೊಲೀಸ್ ಎಂದುಕೊಂಡು ಪೂರ್ತಿ ಒಂದು ರಾತ್ರಿ ಉಗಿದರು. ಅಲ್ಲ ಎಂದು ತಿಳಿದ ಮೇಲೆ ಮೂರ್ಖ ಎಂದು ಉಗಿದರು. ಮೂರನೆಯ ದಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಜಾಮೀನಿಗೆ ಆ ಹವಾಲ್ದಾರನೇ ತನ್ನೂರಿನ ಒಬ್ಬ ಖಾನಾವಳಿಯವನನ್ನು ಕರೆತಂದ. ಅದಕ್ಕಾಗಿ ಅವನಿಗೆ ಕೃತಜ್ಞನಾಗಿರಬೇಕು. ಅಷ್ಟಕ್ಕೆ ಇದ್ದೇನೆ, ಅದಕ್ಕಿಂತ ಹೆಚ್ಚಿಗಿಲ್ಲ. ಬಂದೂಕನ್ನು ಅವರು ಇಟ್ಟುಕೊಂಡರು. ವಿಮಾನದ ಟಿಕೆಟ್ಟಿನ ದಿನ ಕಳೆದುಹೋಗಿತ್ತು. ರೈಲಿನಲ್ಲಿ ಗುಂತಕಲ್ಲಿನವರೆಗೆ ನಿಂತು, ಅಲ್ಲಿಂದ ನೆಲದ ಮೇಲೆ ಕೂತು ಬಂದೆ.

ಇಷ್ಟರಲ್ಲಿ ಯಲಹಂಕದಲ್ಲಿ ನಡೆದದ್ದನ್ನು ಹೆಂಡತಿ ಹೇಳಿದಂತೆ ಬರೆಯುತ್ತೇನೆ. ಮದುವೆ ಮುಗಿಸಿ ಅವನು ವಿಮಾನದಲ್ಲೇ ವಾಪಸ್ ಬಂದಿದ್ದ. ನಮ್ಮ ಮನೆಗೆ ಒಂದು ಮಾತು ಹೇಳಿ ಕಳಿಸಲಿಲ್ಲ. ಸಂತೆಯ ಹತ್ತಿರ ಅವನ ಕಾರು ನಿಂತದ್ದನ್ನು ನೋಡಿ ನನ್ನ ಹೆಂಡತಿ ಹೋಗಿ ಕಿಟಕಿ ಬಡಿದಳು.

"ನಮ್ಮ ಮನ್ಯಾರ ಎಲ್ಲಿ ಅದಾರ್ರೀ?"

"ನಿನ್ ಗಂಡ ಬೊಂಬಾಯಿನಾಗೆ ಬಂದೂಕ ತಕ್ಕಂಡು ಓಡೋದ ಕಣಮ್ಮಾ. ಸಿಕ್ರೆ ನಂಗೂ ಏಳು," ಎಂದು ಗಾಜು ಏರಿಸಿದನಂತೆ.

ಅವಳು ಕಾರಿನ ಮುಂದೆ ನಿಂತುಬಿಟ್ಟಳು. ತರಕಾರಿ ಚೀಲ ಕೈಯಲ್ಲೇ ಇತ್ತು. ಡ್ರೈವರು ಹಾರ್ನ್ ಒತ್ತಿದಷ್ಟೂ ಅಲ್ಲಾಡಲಿಲ್ಲ. ಸಂತೆಯ ಜನ ಸೇರಿದರು. ಬಿಜಾಪುರದ ಭಾಷೆಯಲ್ಲಿ ಅವನ ತಂದೆ, ತಾತ, ಅವನು ನೆಟ್ಟ ಕಲ್ಲುಕಂಬ ಒಂದೊಂದನ್ನೂ ಹಿಡಿದು ಬೈದಳು. "ನನ್ನ ಗಂಡ ಹದಿನೈದು ವರ್ಸ ದೇಶದ ಬಂದೂಕು ಹಿಡಿದಾಂವ. ಅವಾಗ ಓಡಿಲ್ಲ, ಈಗ ನಿನ್ನ ಕಡೆಯಿಂದ ಓಡ್ತಾನೇನೋ ಭಾಡ್ಯಾ!" ಅವಳ ಅರ್ಧ ಮಾತು ಅಲ್ಲಿದ್ದವರಿಗೆ ಅರ್ಥವಾಗಲಿಲ್ಲ. ಆದರೆ ಒಬ್ಬರೂ ಅವಳನ್ನು ಎಳೆದು ಬದಿಗೆ ತರಲಿಲ್ಲ. ಕೊನೆಗೆ ಅವನೇ ಕಾರನ್ನು ಹಿಂದಕ್ಕೆ ತೆಗೆಸಿ ಬೇರೆ ದಾರಿಯಲ್ಲಿ ಹೋದ.

ನಾನು ಮನೆಗೆ ಬಂದಾಗ ಅವಳು ಬಾಗಿಲಲ್ಲಿ ನಿಂತು ಮೊದಲು ಬರಿಗೈ ನೋಡಿದಳು. ನೀರು ಕೊಟ್ಟಳು. ಎಲ್ಲ ಕೇಳಿಸಿಕೊಂಡಳು. ದಾನದ ಮಾತು ಬಂದಾಗ ಎದ್ದು ಒಳಗೆ ಹೋಗಿ, ತಿರುಗಿ ಬಂದು, "ನೀವ ನಿಮ್ಮ ಬಾಯಿಂದ ಅದನ್ನ ಹೇಳಿದ್ರಿ?" ಎಂದಳು. ಹೌದು ಎಂದೆ. ಅವಳಿಗೆ ಅವನ ಮೇಲಿದ್ದ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು ಆ ಹೊತ್ತಿನಿಂದ ನನ್ನ ಮೇಲೆ ಶುರುವಾಯಿತು.

ಮಾರನೆಯ ದಿನ ಅವನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಗಡ್ಡ ಹೆರೆಸಿಕೊಳ್ಳುತ್ತಿದ್ದ. ಕ್ಷೌರಿಕನ ಕತ್ತಿ ಕೆನ್ನೆಯ ಮೇಲಿದ್ದದ್ದರಿಂದ ತಲೆ ತಿರುಗಿಸಲಿಲ್ಲ.

"ಬಂದ್ಯಾ? ಬಂದೂಕ ಎಲ್ಲಿ?"

"ಕೋರ್ಟಿನ್ಯಾಗ ಐತಿ. ಪರ್ಮಿಶನ್ ಯಾಕ ಮಾಡಸಲಿಲ್ರಿ?"

"ಮರ್ತೋಯ್ತು ಕಣ್ಲಾ. ಅದ್ಕೇನೀಗ?"

ಮರೆತದ್ದೇ ನಿಜವಿರಬೇಕು. ಬೇಕೆಂದೇ ಮಾಡಿದ್ದರೆ ನನ್ನನ್ನು ಅಷ್ಟಾದರೂ ಲೆಕ್ಕಕ್ಕೆ ತೆಗೆದುಕೊಂಡಿದ್ದ ಎನ್ನಬಹುದಿತ್ತು. "ಬಂದೂಕಿಲ್ದೆ ನಿನ್ನ ಇಟ್ಕಂಡು ಏನ್ ಮಾಡ್ಲಿ? ಅದು ಬಂದಾಗ ಬಾ," ಎಂದ. ಕ್ಷೌರಿಕ ನನ್ನನ್ನೇ ನೋಡುತ್ತಿದ್ದ. ನನ್ನ ಬಾಯಲ್ಲಿ ನೂರು ಮಾತಿದ್ದವು. ಹೊರಗೆ ಬಂದದ್ದು ಒಂದೇ, "ನಾ ಬರೂದಿಲ್ಲ." ಮೊದಲ ಸಲ ಅದರ ಕೊನೆಗೆ 'ರಿ' ಸೇರಿಸಲಿಲ್ಲ. ಅವನು ಗಮನಿಸಿದನೋ ಇಲ್ಲವೋ.

ಕೇಸು ಮುಗಿಯಲು ಒಂದು ವರ್ಷದ ಮೇಲಾಯಿತು. ಮೂರು ಸಲ ಮುಂಬಯಿಗೆ ಹೋಗಿ ಬಂದೆ. ತಪ್ಪೊಪ್ಪಿಕೊಂಡೆ, ದಂಡ ಕಟ್ಟಿದೆ, ಹದಿನೈದು ವರ್ಷದ ಸೈನ್ಯದ ಕಾಗದ ತೋರಿಸಿದ್ದರಿಂದ ಬಂದೂಕು ಹಿಂದೆ ಕೊಟ್ಟರು. ನಳಿಗೆಯೊಳಗೆ ತುಕ್ಕು ಹಿಡಿದಿತ್ತು. ಅದನ್ನು ತಿಕ್ಕಲು ಕೂತವನು ಅರ್ಧಕ್ಕೆ ಬಿಟ್ಟೆದ್ದೆ. ಊರಿನ ಬಂದೂಕಿನಂಗಡಿಗೆ ಒಯ್ದು ಮಾರಿಬಿಟ್ಟೆ, ಲೈಸೆನ್ಸ್ ವಾಪಸ್ ಮಾಡಿದೆ. ಅಂಗಡಿಯವನು ಎಷ್ಟು ಕಡಿಮೆ ಕೊಟ್ಟರೂ ಚೌಕಾಸಿ ಮಾಡಲಿಲ್ಲ.

ಅಷ್ಟರಲ್ಲಿ ಗೊರಗುಂಟೆಪಾಳ್ಯದ ಹತ್ತಿರ ಒಂದು ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿತ್ತು. ಕೈಯಲ್ಲಿ ಒಂದು ಬೆತ್ತ, ಅಷ್ಟೇ. ಯಲಹಂಕದ ಮನೆ ಬಿಟ್ಟು ಯಶವಂತಪುರಕ್ಕೆ ಬಂದೆವು. ಹೆಂಡತಿ ಪಕ್ಕದ ಮನೆಯವರ ಜೊತೆ ಸೇರಿ ರೊಟ್ಟಿ ಮಾಡಿ ಮಾರತೊಡಗಿದಳು. ನಮ್ಮ ಕಡೆಯ ಬ್ರಹ್ಮಚಾರಿ ಹುಡುಗರು ಕಾರ್ಖಾನೆಗಳಲ್ಲಿ ಬಹಳ ಮಂದಿ ಇದ್ದರು.

ಯಜಮಾನ ಇನ್ನೊಬ್ಬ ಬಂದೂಕಿನವನನ್ನು ಇಟ್ಟುಕೊಂಡ. ಅವನೂ ಮಾಜಿ ಸೈನಿಕ, ಗದಗಿನವನು. ಒಂದು ದಿನ ಅವನನ್ನು ಬಸ್ ಸ್ಟಾಪಿನಲ್ಲಿ ಹಿಡಿದು ನಡೆದದ್ದನ್ನೆಲ್ಲ ಹೇಳಿದೆ. ಅವನು ಕೇಳಿಸಿಕೊಂಡು, "ನೀವ್ ಜೋಕಿಯಿಂದ ಇರಲಿಲ್ಲ, ನಾ ಇರ್ತೀನಿ ಬಿಡ್ರಿ," ಎಂದು ಬಸ್ಸು ಹತ್ತಿದ.

ಕೆಲವರು ಹೇಳುತ್ತಾರೆ, ಇಷ್ಟು ವರ್ಷವಾಯಿತು, ಕ್ಷಮಿಸಿಬಿಡಿ ಎಂದು. ಹೇಳುವವರನ್ನು ಯಾರೂ ದಾನದ ಬಡವ ಎಂದು ಕರೆದಿಲ್ಲ. ಹೆಂಡತಿ ಮಾತ್ರ ಹಾಗೆ ಹೇಳುವುದಿಲ್ಲ. ಈಗಲೂ ನಾನು ಊಟಕ್ಕೆ ಕೂತಾಗ ಒಮ್ಮೊಮ್ಮೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಲ್ಲರಿ, ಹಿಂದಿ ಭಾಷಾದಾಗ ದಾನಕ್ಕ ಏನಂದ್ರಿ?" ಎಂದು ಕೇಳುತ್ತಾಳೆ. ನಾನು ಪಲ್ಯ ಹಾಕು ಎನ್ನುತ್ತೇನೆ.